ಒಳಗೆ ಬರುವವರು ತಮ್ಮ ಹೆಸರು ತಾವೇ ಹೇಳಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ದಣಿವಾಗಿದೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಕೋಟೇಶ್ವರದ ನಮ್ಮ ಮನೆಗೆ ಬಂದು, ಅನುಭವ ಹೇಳಿ ಅಕ್ಕ ಎಂದು ಕೇಳುತ್ತಾರೆ. ಏನೋ ದೊಡ್ಡ ಸ್ಫೂರ್ತಿ ಸಿಗುತ್ತದೆ ಎಂಬ ಆಸೆ ಅವರ ಮುಖದಲ್ಲಿ ಕಾಣುತ್ತದೆ. ಅಂಥದ್ದು ನನ್ನ ಹತ್ತಿರ ಹೆಚ್ಚಿಲ್ಲ. ಇರುವುದು ಕೆಲವು ಮನೆಗಳು, ಕೆಲವು ಜನ, ನಾನೇ ಮಾಡಿದ ಕೆಲವು ತಪ್ಪುಗಳು. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋಯುವ ಬದಲು ಬರೆದಿಡುವುದೇ ವಾಸಿ ಎನಿಸಿತು.

ನಮ್ಮದು ಕುಂದಾಪುರದ ಒಂದು ಸಣ್ಣ ಸಂಸ್ಥೆ. ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಏಟಾದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಅವರಿಗೂ ಅವರ ಮನೆಯವರಿಗೂ ಆಸರೆಯಾಗಿ ನಿಲ್ಲುವುದು ಅದರ ಕೆಲಸ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ತೆಂಗಿನ ಮರದಿಂದ ಬಿದ್ದವರು, ದೋಣಿಯಲ್ಲಿ ಜಾರಿದವರು, ಎಲ್ಲರೂ ಬರುತ್ತಾರೆ. ಮಂಗಳವಾರ ಬೈಂದೂರು, ಗುರುವಾರ ಬ್ರಹ್ಮಾವರ, ಉಳಿದ ದಿನ ಕುಂದಾಪುರದ ಬಾಡಿಗೆ ಕಟ್ಟಡ. ಸಂಸ್ಥೆಯ ಹೆಸರು ಬೋರ್ಡಿನಲ್ಲಿ ಎರಡು ಸಾಲು ಹಿಡಿಯುತ್ತದೆ. ಊರವರ ಬಾಯಲ್ಲಿ ಮಾತ್ರ ಅದು 'ಮಂಡೆಪೆಟ್ಟಿನ ಆಪೀಸು'. ರಿಕ್ಷಾದವರಿಗೆ ಹಾಗೆ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಅಧ್ಯಕ್ಷ ಹೆಬ್ಬಾರರಿಗೆ ಆ ಹೆಸರು ಕೇಳಿದರೆ ಮೈಯೆಲ್ಲ ಉರಿ.

ನಾನು ಮೊದಲು ನರ್ಸು. ನರ್ಸಿಂಗ್ ಹೋಮಿನ ಪಾಳಿ ಸಾಕಾಗಿ ಇಲ್ಲಿಗೆ ಬಂದೆ. ಮೊದಲು ಕಾರ್ಯಕರ್ತೆ, ಆಮೇಲೆ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ಬೀಗ ತೆಗೆಯುವುದು, ಕಸ ಗುಡಿಸಿದ್ದಾರೋ ನೋಡುವುದು, ಗಂಜಿಗೆ ಅಕ್ಕಿ ಇದೆಯೋ ನೋಡುವುದು, ನಂತರ ಹೆಬ್ಬಾರರಿಗೆ ವರದಿ ಬರೆಯುವುದು. ಹೆಬ್ಬಾರರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಒಳ್ಳೆಯವರೇ. ಆದರೆ ಅವರಿಗೆ ಮನುಷ್ಯ ಕಾಣಬೇಕಾದರೆ ಮೊದಲು ಅವನ ಫೈಲು ಕಾಣಬೇಕು.

ಮೊದಲ ದೊಡ್ಡ ತಪ್ಪು ಶಿರೂರಿನದು. ಸುಮಿತ್ರಾ ಎಂಬ ಟೀಚರು ಸ್ಕೂಟರಿನಿಂದ ಬಿದ್ದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು. ನೆನಪು ಆಗಾಗ ಕೈಕೊಡುತ್ತಿತ್ತು. ನೆನಪನ್ನು ದಿನಾ ತಿಕ್ಕಿದರೆ ಅದು ಚುರುಕಾಗುತ್ತದೆ ಎಂದು ನಾನು ಆಗ ನಂಬಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಪ್ರಶ್ನೆ ಕೇಳಿ ಎಂದು ಅವರ ಗಂಡನಿಗೆ ಚೀಟಿ ಬರೆದುಕೊಟ್ಟೆ. ಇವತ್ತು ಯಾವ ವಾರ, ನಿನ್ನೆ ಯಾರು ಬಂದಿದ್ದರು, ಇಂಥವೇ.

ನಮ್ಮ ಕಡೆ ರೋಗಿಯನ್ನು ನೋಡಲು ಬರುವವರ ರೀತಿ ನಿಮಗೆ ಗೊತ್ತೇ ಇದೆ. ಒಂದು ಕೈಯಲ್ಲಿ ಮೂಸಂಬಿ, ಇನ್ನೊಂದು ಕೈಯಲ್ಲಿ ಎಳನೀರು, ಬಾಯಲ್ಲಿ ಒಂದೇ ಮಾತು. 'ಗುರ್ತ ಸಿಕ್ತಾ? ನಾನ್ ಯಾರ್, ಹೇಳ್ ಕಾಂಬ.' ಪ್ರೀತಿಯಿಂದಲೇ ಕೇಳುತ್ತಾರೆ. ಹೆಸರು ಸರಿ ಹೇಳಿದರೆ ಬಂದವರಿಗೆ ಖುಷಿ, ಹೇಳದಿದ್ದರೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುವುದು. ಅದನ್ನು ರೋಗಿ ನೋಡುತ್ತಾ ಕೂತಿರುತ್ತಾರೆ. ಆ ಹಳೆಯ ಚಾಳಿಯ ಮೇಲೆ ನನ್ನ ಚೀಟಿ ಬೇರೆ ಸೇರಿತು.

ಎರಡು ತಿಂಗಳ ನಂತರ ಹೋದಾಗ ಸುಮಿತ್ರಾ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಗೇಟಿನ ಸದ್ದಾದರೆ ಸಾಕು, ಹಾಗೆ ಮಾಡುತ್ತಾರಂತೆ. ನಾನು ಹೊರಗಿನಿಂದಲೇ, 'ಟೀಚರೇ, ನಾನು ವಾರಿಜ, ಸುಮ್ಮನೆ ಬಂದದ್ದು, ಎಂತದೂ ಕೇಳುವುದಿಲ್ಲ' ಎಂದೆ. ಬಾಗಿಲು ಚೂರು ತೆರೆಯಿತು.

'ಬಂದವ್ರೆಲ್ಲ ಪರೀಕ್ಷೆ ಮಾಡ್ತ್ರ್' ಎಂದರು ಟೀಚರು. 'ನಾನೂ ಮಕ್ಳಿಗ್ ಹೀಂಗೇ ಮಾಡಿದ್ದೆ. ಈಗ ಗೊತ್ತಾತ್ತ್.'

ನನಗೆ ಎಲ್ಲಿಯಾದರೂ ಅಡಗಿಕೊಳ್ಳೋಣ ಎನಿಸಿತು. ಆಮೇಲೆ ದೊಡ್ಡಾಸ್ಪತ್ರೆಯ ಥೆರಪಿಸ್ಟ್ ಒಬ್ಬರು ನನ್ನನ್ನು ಕೂರಿಸಿ ತಿಳಿಸಿದರು. ನೆನಪಿಗೆ ಪೆಟ್ಟು ಬಿದ್ದವರನ್ನು ಊಹೆ ಮಾಡಲು ಬಿಡಬಾರದಂತೆ. ಊಹಿಸಿದ ತಪ್ಪು ಉತ್ತರವೇ ಒಳಗೆ ಕೂತುಬಿಡುತ್ತದಂತೆ. ಸರಿಯಾದದ್ದನ್ನು ನಾವೇ ಮೊದಲು ಹೇಳಬೇಕು, ಹೇಳುತ್ತಲೇ ಇರಬೇಕು. ಅಂದಿನಿಂದ ಅದು ನಮ್ಮ ಮೊದಲ ನಿಯಮವಾಯಿತು. ಪೇಂಟರನ್ನು ಕರೆಸಿ ಬಾಗಿಲ ಮೇಲೆ ಬೋರ್ಡು ಬರೆಸಿದೆ: 'ಒಳಗೆ ಬರುವವರು ತಮ್ಮ ಹೆಸರು ತಾವೇ ಹೇಳಿ.' ಮನೆಗಳಿಗೂ ಅದರದ್ದೇ ಚೀಟಿ ಅಂಟಿಸಿದೆವು. ಶಿರೂರಿನಲ್ಲಿ ಟೀಚರ ಸೋದರಮಾವ ಸಿಟ್ಟಾದರು. 'ನಾನ್ ಎತ್ತಿ ಆಡ್ಸಿದ್ ಹೆಣ್ಣಿಗ್ ನನ್ ಹೆಸ್ರ್ ನಾನೇ ಹೇಳ್ಕಾ?' ಎಂದು ಎಳನೀರು ಅಂಗಳದಲ್ಲೇ ಇಟ್ಟು ಹೋದರು. ಮುಂದಿನ ವಾರ ಬಂದು ಹೆಸರು ಹೇಳಿ ಒಳಗೆ ಕೂತರು.

ಉಪ್ಪುಂದದ ಒಂದು ಮನೆ ನನಗೆ ಇನ್ನೊಂದು ಪಾಠ ಕಲಿಸಿತು. ಮೀನುಗಾರ ಗೋವಿಂದಣ್ಣ ದೋಣಿಯಲ್ಲಿ ಬಿದ್ದು ಹುಷಾರಾಗಿ ಬಂದರು. ಕೈಕಾಲು ಗಟ್ಟಿ, ನೆನಪೂ ಗಟ್ಟಿ. ಆದರೆ ಜನ್ಮದಲ್ಲಿ ದನಿ ಎತ್ತದ ಮನುಷ್ಯ ಈಗ ಸಿಕ್ಕಿದವರಿಗೆಲ್ಲ ಬಯ್ಯುತ್ತಿದ್ದರು. ನೆರೆಯವರು ಇದು ಬೇರೆ ಏನೋ ಎಂದು ಮೈಮೇಲೆ ದೇವರು ಬಂದು ನುಡಿಯುವ ದರ್ಶನದ ಪಾತ್ರಿಗಳ ಹತ್ತಿರ ಕರೆದುಕೊಂಡು ಹೋದರು. ಪಾತ್ರಿಗಳು ಎಲ್ಲ ಕೇಳಿ, 'ಇದ್ ನಮ್ದಲ್ಲ, ಮಂಡೆಪೆಟ್ಟಿನ್ ಆಪೀಸಿಗ್ ಹೋಯ್ಕ್' ಎಂದು ನಮ್ಮಲ್ಲಿಗೇ ಕಳಿಸಿದರು. ಹೆಬ್ಬಾರರ ಎಷ್ಟೋ ಕರಪತ್ರ ಮಾಡದ ಕೆಲಸವನ್ನು ಅವರ ಒಂದು ಮಾತು ಮಾಡಿತು. ಗೋವಿಂದಣ್ಣನ ಹೆಂಡತಿ ನನ್ನೆದುರು ಕೂತು, 'ಮದ್ವಿ ಆದ್ ಗಂಡ ಬ್ಯಾರೆ, ಮನಿಗ್ ಬಂದ್ ಗಂಡ ಬ್ಯಾರೆ ಅಕ್ಕ' ಎಂದರು. ಅವರು ವಾರಕ್ಕೊಮ್ಮೆ ಬಂದು ಹಾಗೆ ಹೇಳಿ ಹೋಗಲು ಒಂದು ಜಾಗ ಕೊಟ್ಟೆ, ಅಷ್ಟೆ. ಹೆಚ್ಚಿನ ದಿನ ನಮ್ಮ ಕೆಲಸ ಅಷ್ಟೇ ಇರುತ್ತದೆ. ಹೊಸಬರಿಗೆ ಇದು ನಿರಾಸೆ ಎನಿಸಬಹುದು, ನನಗೂ ಎನಿಸಿತ್ತು.

ಇನ್ನು ಸುಧಾಕರಣ್ಣನ ವಿಷಯಕ್ಕೆ ಬರುತ್ತೇನೆ. ನಾನು ಹೇಳಬೇಕೆಂದು ಕೂತದ್ದು ಅದನ್ನೇ.

ಸುಧಾಕರಣ್ಣ ಹಾಲಾಡಿಯವರು. ಕುಂದಾಪುರದಿಂದ ಶಿರೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಒಂದು ದಿನ ಫುಟ್‌ಬೋರ್ಡಿನಿಂದ ಬಿದ್ದರು. ಬೀಳುವ ಮೊದಲಿನದೆಲ್ಲ ಅವರಿಗೆ ಕರಾರುವಾಕ್ಕಾಗಿ ನೆನಪಿದೆ. ಬಿದ್ದ ಮೇಲಿನದು ಯಾವುದೂ ನಿಲ್ಲುವುದಿಲ್ಲ. ಅಂಗಿಯ ಜೇಬಿನಲ್ಲಿ ನಾವು ಕೊಟ್ಟ ಪುಸ್ತಕ ಇರುತ್ತದೆ. ಯಾರು ಯಾರು, ಇವತ್ತು ಏನು, ಎಲ್ಲ ಅದರಲ್ಲಿ. ನನ್ನನ್ನು ಅವರು ಕಂಡದ್ದು ಪೆಟ್ಟು ಬಿದ್ದ ಮೇಲೆ. ಆದ್ದರಿಂದ ನಾನು ಅವರಿಗೆ ಪುಸ್ತಕದ ಮೊದಲ ಪುಟದಲ್ಲಿದ್ದವಳು. ಆದರೂ ದಿನಾ ನೋಡಿ ನೋಡಿ ಮುಖ ಎಲ್ಲೋ ಒಂದು ಕಡೆ ಕೂತಿತ್ತು. ನಾನು ಬೀಗ ತೆಗೆಯುತ್ತಲೇ ಬಾಗಿಲ ಬದಿಯ ಬೆಂಚಿನಿಂದ, 'ಒಳಗ್ ಬನ್ನಿ ಅಕ್ಕ, ಮುಂದ್ ಸೀಟ್ ಇತ್ತ್' ಎನ್ನುತ್ತಿದ್ದರು. ಹನ್ನೊಂದು ವರ್ಷ, ಕುಂದಾಪುರದಲ್ಲಿದ್ದ ಪ್ರತಿದಿನ ಬೆಳಿಗ್ಗೆ ಆ ಮಾತು ಕೇಳಿ ಒಳಗೆ ಹೋಗಿದ್ದೇನೆ. ಅದು ಕೇಳದಿದ್ದರೆ ದಿನ ಶುರುವಾದ ಹಾಗೇ ಇರುತ್ತಿರಲಿಲ್ಲ.

ಅವರ ಹೆಂಡತಿ ಗಿರಿಜ ಗೇರುಬೀಜದ ಕಾರ್ಖಾನೆಗೆ ಹೋಗಬೇಕು. ಆದ್ದರಿಂದ ಅವರನ್ನು ಒಬ್ಬರೇ ಬಸ್ಸಿನಲ್ಲಿ ಬರಲು ಕಲಿಸಿದೆವು. ಗಿರಿಜ ಹಾಲಾಡಿಯಲ್ಲಿ ಹತ್ತಿಸುವುದು, ಕಂಡಕ್ಟರು ಕುಂದಾಪುರದಲ್ಲಿ ಇಳಿಸುವುದು, ನಮ್ಮವರು ಸ್ಟ್ಯಾಂಡಿನಲ್ಲಿ ಕಾದು ಕರೆತರುವುದು. ಅದನ್ನು ಕಲಿಸಲು ಒಂದು ವರ್ಷ ಹಿಡಿಯಿತು. ನಾವು ಏನಾದರೂ ಸಾಧಿಸಿದ್ದರೆ ಅದೇ.

ನಾನು ನಿವೃತ್ತಿಯ ಮಾತೆತ್ತಿದಾಗ ಹೆಬ್ಬಾರರು ಪೇಪರಿನಲ್ಲಿ ಜಾಹೀರಾತು ಕೊಟ್ಟರು. ಸ್ನಾತಕೋತ್ತರ ಪದವಿ, ಕಂಪ್ಯೂಟರ್ ಜ್ಞಾನ, ನಾಯಕತ್ವದ ಗುಣ. ಬಂದ ಅರ್ಜಿಗಳಲ್ಲಿ ಒಬ್ಬರು ಇದನ್ನು ರಕ್ತನಿಧಿ ಎಂದುಕೊಂಡಿದ್ದರು. ಒಬ್ಬ ನಿವೃತ್ತ ಹೆಡ್‌ಮಾಸ್ಟ್ರು ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದು ಬಂದಿದ್ದರು. ಕೊನೆಗೆ ಬ್ರಹ್ಮಾವರದ ವಿನಯ ಎಂಬ ಯುವಕನನ್ನು ಆರಿಸಿದೆವು. ಸಮಾಜಕಾರ್ಯ ಓದಿದವನು, ಮೃದು ಮಾತು. ಆರಿಸಿದ್ದು ನಾನೇ. ಒಳ್ಳೆಯ ಹುಡುಗ ಎಂದು ಆರಿಸಿದೆ. ನನ್ನ ಮಾತು ಕೇಳುತ್ತಾನೆ ಎಂಬುದೂ ಒಳಗೆ ಎಲ್ಲೋ ಇತ್ತು, ಸುಳ್ಳು ಹೇಳುವುದಿಲ್ಲ.

ಅವನು ಬಂದ. ನಾನು ಹೋಗಲಿಲ್ಲ. ಸಲಹೆಗಾರ್ತಿ ಎಂದು ನನಗೆ ನಾನೇ ಹೆಸರು ಕೊಟ್ಟುಕೊಂಡು ದಿನಾ ಒಂಬತ್ತಕ್ಕೆ ಹಾಜರು. ಕೂರುವುದು ನನ್ನ ಹಳೆಯ ಕುರ್ಚಿಯಲ್ಲೇ. ಬೀಗದಕೈ ನನ್ನ ಪರ್ಸಿನಲ್ಲೇ. ಮನೆಯವರು ಫೋನು ಮಾಡುವುದು ನನಗೇ. ವಿನಯ ಬಾಗಿಲ ಹತ್ತಿರ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದ. ಪಾಪ, ಕುರ್ಚಿ ಬಿಡಿ ಎಂದು ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ.

ಅವನು ವಾಟ್ಸ್ಆ್ಯಪ್ ಗುಂಪು ಮಾಡಿದ, ಮದ್ದಿನ ಹೊತ್ತಿಗೆ ಎಲ್ಲರ ಫೋನಿನಲ್ಲಿ ಅಲಾರಾಂ ಇಟ್ಟುಕೊಟ್ಟ. ನಾನು ವರ್ಷಗಟ್ಟಲೆ ಕೈಯಲ್ಲಿ ಬರೆದ ಕಾರ್ಡುಗಳ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಅವನು ಹಾಲಾಡಿಯವರ ಬಸ್ಸು ಬದಲಿಸಿದ. ಎಂಟೂವರೆಗೆ ಕುಂದಾಪುರ ಮುಟ್ಟುವ ಬಸ್ಸಿನಲ್ಲಿ ವಿಪರೀತ ನೂಕುನುಗ್ಗಲು, ಸೋಮವಾರದಿಂದ ಒಂಬತ್ತೂವರೆಯದರಲ್ಲಿ ಬರಲಿ, ಸ್ಟ್ಯಾಂಡಿಗೂ ಆ ಹೊತ್ತಿಗೇ ಜನ ಕಳಿಸುತ್ತೇನೆ ಎಂದ. ಸರಿಯಾದ ಯೋಚನೆಯೇ. ಗುಂಪಿಗೂ ಹಾಕಿದ. ಗಿರಿಜ ಸಂದೇಶ ಓದಿ, ಹೌದೋ ಅಲ್ಲವೋ ಎಂದು ಕೇಳಲು ನನಗೆ ಫೋನು ಮಾಡಿದಳು.

'ಅವ ಹೊಸ್ಬ, ಹೇಳ್ತ. ನೀನ್ ಮೊದ್ಲಿನ್ ಬಸ್ಸಿಗೇ ಕಳ್ಸ್, ನಾನ್ ಕಾಣ್ತೆ' ಎಂದೆ.

ಹೇಳಿದ್ದನ್ನು ವಿನಯನಿಗೆ ತಿಳಿಸಲಿಲ್ಲ. ಸೋಮವಾರ ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಬೇಕೆಂಬುದು ನನಗೆ ಮರೆತೇಹೋಯಿತು. ನೆನಪಿನ ಕೆಲಸ ಮಾಡುವವಳಿಗೆ ಮರೆತುಹೋಯಿತು.

ಸುಧಾಕರಣ್ಣ ಎಂಟೂವರೆಯ ಬಸ್ಸು ಹತ್ತಿ ಬಂದು ಕುಂದಾಪುರದಲ್ಲಿ ಇಳಿದರು. ಕಾಯಲು ಯಾರೂ ಇರಲಿಲ್ಲ. ಜೇಬಿನ ಪುಸ್ತಕದಲ್ಲಿ 'ನಮ್ಮವರು ಬಂದು ಕರೆದುಕೊಂಡು ಹೋಗುತ್ತಾರೆ' ಎಂದು ಬರೆದಿತ್ತು. ಎಷ್ಟು ಹೊತ್ತು ನಿಂತರೋ ದೇವರಿಗೇ ಗೊತ್ತು. ಒಂಬತ್ತೂವರೆಯ ಬಸ್ಸಿನಲ್ಲಿ ಅವರು ಬರಲಿಲ್ಲ ಎಂದು ನಮ್ಮ ಹುಡುಗಿ ಓಡಿ ಬಂದು ಹೇಳಿದಾಗ ನನಗೆ ಗಿರಿಜಳಿಗೆ ಕೊಟ್ಟ ಮಾತು ನೆನಪಾಯಿತು. ವಿನಯ ಬೈಕು ತೆಗೆದ. ಸ್ಟ್ಯಾಂಡು, ಮೀನು ಮಾರ್ಕೆಟ್ಟು, ಆಸ್ಪತ್ರೆ, ಎಲ್ಲ ಸುತ್ತಿದ. ನಾನು ಗಿರಿಜಳಿಗೆ ಫೋನು ಮಾಡಿದೆ. ಕಾರ್ಖಾನೆಯ ಸಿಪ್ಪೆಯ ಕಪ್ಪು ಹಿಡಿದ ಕೈಯಲ್ಲೇ ಅವಳು ಓಡಿ ಬಂದಳು. 'ನೀವ್ ಕಾಣ್ತೆ ಅಂದಿದ್ರಿ ಅಲ್ದಾ ಅಕ್ಕ' ಎಂದಳು. ಅಷ್ಟೇ ಹೇಳಿದ್ದು.

ಮಧ್ಯಾಹ್ನ ಮೂರಕ್ಕೆ ಶಿರೂರಿನಿಂದ ಫೋನು ಬಂತು. ಬಸ್ಸಿನವರೊಬ್ಬರು. 'ಹ್ವಾಯ್, ನಿಮ್ ಸುಧಾಕರ ಇಲ್ಲಿದ್ದ. ಫುಟ್‌ಬೋರ್ಡ್ ಮೇಲ್ ನಿಂತ್ಕಂಡ್ ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ ಅಂತ್ ಕೂಗ್ತಾ ಬಂದಿದ್ದ. ಒಂದ್ ಸ್ಟಾಪೂ ತಪ್ಪ್ಲಿಲ್ಲ.' ಮೊದಲು ಒಟ್ಟಿಗೆ ದುಡಿದವರಂತೆ, ಚಾ ಕುಡಿಸಿ ಕೂರಿಸಿಕೊಂಡಿದ್ದರು. ಯಾವ ಫುಟ್‌ಬೋರ್ಡಿನಿಂದ ಬಿದ್ದು ಹೀಗಾದರೋ ಅದೇ ಫುಟ್‌ಬೋರ್ಡು. ಹೆದ್ದಾರಿಯಲ್ಲಿ ಇನ್ನೊಮ್ಮೆ ಬಿದ್ದಿದ್ದರೆ ಎಂದು ಈಗಲೂ ಯೋಚಿಸುತ್ತೇನೆ.

ಸಮಿತಿಯ ಸಭೆಯಲ್ಲಿ ಹೆಬ್ಬಾರರು ವಿನಯನನ್ನು ನಿಲ್ಲಿಸಿ ಕೇಳಿದರು. ಬಸ್ಸು ಬದಲಿಸಿದ್ದು ಯಾರು? ನಾನು, ಎಂದ ವಿನಯ. ಮನೆಯವರಿಗೆ ಸರಿಯಾಗಿ ತಿಳಿಸದೆ ಬದಲಿಸಬಹುದೇ? ಅವನು ನನ್ನ ಕಡೆ ಒಮ್ಮೆ ನೋಡಿದ. ನಾನು ಚಾದ ಲೋಟ ನೋಡುತ್ತಾ ಕೂತಿದ್ದೆ. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಅತಿ ಹೆಚ್ಚು ನಾಚಿಕೆ ತರುವ ಗಳಿಗೆ ಯಾವುದು ಎಂದು ಕೇಳಿದರೆ, ಅದೇ.

ಮರುದಿನ ಅವನು ರಾಜೀನಾಮೆ ಕೊಟ್ಟ. ಹೊರಡುವಾಗ ನನ್ನ ಕುರ್ಚಿಯ ಹತ್ತಿರ ಬಂದು ಮೆಲ್ಲಗೆ, 'ನೀವ್ ಇಲ್ಲಿಂದ್ ಹೋಯ್ಲೇ ಇಲ್ಲ ಅಕ್ಕ. ಮತ್ತ್ ನಾನ್ ಬಪ್ಪುದ್ ಹ್ಯಾಂಗೆ?' ಎಂದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಒಂದು ವಾರ ನಿದ್ದೆ ಸರಿ ಬರಲಿಲ್ಲ. ಆಮೇಲೆ ಹೆಬ್ಬಾರರ ಮನೆಗೆ ಹೋಗಿ ನಡೆದದ್ದನ್ನು ಇದ್ದಹಾಗೆ ಹೇಳಿದೆ. ಬರೆದುಕೊಟ್ಟೂ ಬಂದೆ, ಅವರಿಗೆ ಫೈಲು ಬೇಕಲ್ಲ. ವಿನಯನನ್ನು ಅವರೇ ಹೋಗಿ ಕಂಡು ಕ್ಷಮೆ ಕೇಳಿ, ಮರಳಿ ಬಾ ಎಂದರು. ಅವನು ಒಪ್ಪಲಿಲ್ಲ, ಅಷ್ಟರಲ್ಲಿ ಬೇರೆ ಕಡೆ ಸೇರಿದ್ದ. ನಾನೂ ಹೋಗಿ ಕೇಳಿದೆ. ಚಾ ಕೊಟ್ಟು ಕಳಿಸಿದ.

ಎರಡನೆಯ ಸಲದ ಆಯ್ಕೆಗೆ ನಾನು ಕೂರಲಿಲ್ಲ. ನನ್ನದು ಒಂದೇ ಮಾತು ಇತ್ತು. ಆಯ್ಕೆಯಲ್ಲಿ ಗಿರಿಜಳನ್ನು ಕೂರಿಸಿ, ಬಂದವರು ಸಂದರ್ಶನಕ್ಕೆ ಮೊದಲು ಒಂದು ಬೆಳಿಗ್ಗೆ ಸದಸ್ಯರ ಜೊತೆ ಕಳೆದು ಗಂಜಿ ಉಂಡು ಹೋಗಲಿ. ಸದಸ್ಯರೆಂದರೆ ಪೆಟ್ಟು ಬಿದ್ದವರೇ, ನಾವು ಅವರನ್ನು ಹಾಗೆ ಕರೆಯುವುದು. ಹೆಬ್ಬಾರರು ಗೊಣಗಿದರು, ಒಪ್ಪಿದರು.

ಮೂವರು ಬಂದು ಹೋದರಂತೆ. ಸಂಜೆ ಗಿರಿಜ ಬಂದು ನಮ್ಮ ಜಗಲಿಯಲ್ಲಿ ಕೂತು ವರದಿ ಒಪ್ಪಿಸಿದಳು. ಮೊದಲನೆಯವರಿಗೆ ದೊಡ್ಡ ಡಿಗ್ರಿ. ಬಾಗಿಲು ದಾಟುವಾಗಲೇ ಸುಧಾಕರಣ್ಣನಿಗೆ, ನನ್ನ ಹೆಸರು ನೆನಪಿಟ್ಟುಕೊಳ್ಳಿ, ಹೋಗುವಾಗ ಕೇಳುತ್ತೇನೆ ಎಂದರಂತೆ. ತಲೆಯ ಮೇಲೆ ಬೋರ್ಡು ಇತ್ತು. ಎರಡನೆಯವರು ಗಂಜಿ ಉಣ್ಣಲಿಲ್ಲ. ಮೂರನೆಯವಳು ನಾಗರತ್ನ. ಗೇರುಬೀಜದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದುಕೊಂಡೇ ಅಂಚೆ ಮೂಲಕ ಪದವಿ ಓದಿದವಳು.

'ಇವ್ರ್ ಬೆಳಿಗ್ಗೆಯಿಂದ ಅವ್ಳ್ ಹತ್ರ, ನೀವ್ ಯಾರ್, ನೀವ್ ಯಾರ್ ಅಂತ್ ಕೇಂತಾನೇ ಇದ್ರ್' ಎಂದಳು ಗಿರಿಜ. 'ನಾನ್ ನಾಗರತ್ನ, ಕೆಲ್ಸ ಕೇಂಬುಕ್ ಬಂದದ್ ಅಂತ್ ಹೇಳ್ದ್ಲ್. ಏಳ್ ಸಲ. ನಾನ್ ಎಣ್ಸಿದೆ. ಏಳ್ನೇ ಸಲವೂ ಮೊದ್ಲ್ ಹೇಳ್ದಂಗೇ ಇತ್ತ್. ನಂಗೇ ಅದ್ ಆತಿಲ್ಲ ಅಕ್ಕ. ಮೂರ್ನೇ ಸಲಕ್ಕ್ ನಾನ್ ಬೈತೆ.'

ಹೇಳುತ್ತಾ ಅವಳು ಅತ್ತಳು. ನನಗೆ ಕಣ್ಣೀರು ಬರಲಿಲ್ಲ. ಇನ್ನು ನಾನು ಅಲ್ಲಿಂದ ಹೋಗಬಹುದು ಎನಿಸಿತು, ಅದರ ಹಿಂದೆಯೇ ಹೊಟ್ಟೆಕಿಚ್ಚು.

ನಾಗರತ್ನ ಕೆಲಸಕ್ಕೆ ಒಪ್ಪುವಾಗ ಒಂದು ಷರತ್ತು ಹಾಕಿದಳು. ಅದನ್ನು ಹೆಬ್ಬಾರರ ಮೂಲಕ ಕಳಿಸಲಿಲ್ಲ, ನಮ್ಮ ಮನೆಗೇ ಬಂದು ಹೇಳಿದಳು. 'ಬೇಜಾರ್ ಮಾಡ್ಕಣ್ಬೇಡಿ ಅಕ್ಕ. ಮೂರ್ ತಿಂಗ್ಳ್ ನೀವ್ ಆ ಬದಿಗ್ ಬಪ್ಪುದ್ ಬ್ಯಾಡ.'

ಬೀಗದಕೈ ತೆಗೆದು ಕೊಟ್ಟೆ. ಬೇಜಾರಾಯಿತು, ಆಗಲಿಲ್ಲ ಎಂದು ಹೇಳಿದೆ. ಆ ಮೂರು ತಿಂಗಳು ಫೋನು ಬಂದಾಗಲೆಲ್ಲ 'ನಾಗರತ್ನಳಿಗೆ ಮಾಡಿ' ಎಂದು ಹೇಳಿ ಇಡುವುದೇ ಕೆಲಸ. ಮೊದಲು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ, ಆಮೇಲೆ ವಾರಕ್ಕೊಮ್ಮೆ. ಕೊನೆಗೆ ಫೋನು ಬರುವುದೇ ನಿಂತಿತು. ಬೆಳಿಗ್ಗೆ ಒಂಬತ್ತಾದರೆ ಚಪ್ಪಲಿ ಹುಡುಕುತ್ತಿದ್ದೆ.

ಅವಧಿ ಮುಗಿದ ಮರುದಿನವೇ ಹೋದೆ. ಬೋರ್ಡಿಗೆ ಹೊಸ ಬಣ್ಣ ಬಂದಿತ್ತು. ಸುಧಾಕರಣ್ಣ ಬಾಗಿಲಲ್ಲೇ ಬೆಂಚಿನ ಮೇಲೆ ಕೂತಿದ್ದರು. ನಾನು ಚಪ್ಪಲಿ ಕಳಚುತ್ತಾ ಆ ಮಾತಿಗೆ ಕಾದೆ. ಅವರು ನೋಡಿದರು. ಬಸ್ಸಿನಲ್ಲಿ ಹೊಸ ಪ್ರಯಾಣಿಕರನ್ನು ನೋಡುವ ಹಾಗೆ ನೋಡಿ, ಮುಖ ಪಕ್ಕಕ್ಕೆ ತಿರುಗಿಸಿದರು.

'ಸುಧಾಕರಣ್ಣ, ಗುರ್ತ ಸಿಕ್ತಾ? ನಾನ್ ಯಾರ್, ಹೇಳಿ ಕಾಂಬ.'

ಹೌದು, ನನ್ನ ಬಾಯಿಂದಲೇ ಬಂತು. ಆ ಬೋರ್ಡು ಬರೆಸಿದವಳ ಬಾಯಿಂದ, ಆ ಬೋರ್ಡಿನ ಕೆಳಗೇ.

ಅವರು ಗಡಿಬಿಡಿಯಿಂದ ಎದ್ದು ನಿಂತರು. 'ಗೊತ್ತಿತ್ತ್, ಗೊತ್ತಿಲ್ದೇ ಎಂತ' ಎಂದು ನಕ್ಕು ಜೇಬಿನ ಪುಸ್ತಕ ತೆಗೆದರು. ಹೊಸ ಪುಸ್ತಕ. ಹಾಳೆ ತಿರುವಿದರು, ಮತ್ತೆ ಮೊದಲಿನಿಂದ ತಿರುವಿದರು. ಅದರಲ್ಲಿ ನನ್ನ ಪುಟ ಇರಲಿಲ್ಲ. ಶಿರೂರಿನ ಟೀಚರು ಏಕೆ ಬಾಗಿಲು ಹಾಕಿಕೊಳ್ಳುತ್ತಿದ್ದರು ಎಂಬುದು ನನಗೆ ಪೂರ್ತಿ ತಿಳಿದದ್ದು ಆಗ.

ಒಳಗಿನಿಂದ ನಾಗರತ್ನ ಬಂದಳು. ನನ್ನ ಮುಖ ನೋಡಲಿಲ್ಲ, ಅವರ ಪಕ್ಕದಲ್ಲಿ ನಿಂತಳು. 'ಸುಧಾಕರಣ್ಣ, ನಾನ್ ನಾಗರತ್ನ. ಇವ್ರ್ ವಾರಿಜಕ್ಕ. ಮೊದ್ಲ್ ಇಲ್ಲೇ ಇದ್ದದ್. ಇವತ್ ನಮ್ ಒಟ್ಟಿಗ್ ಗಂಜಿ ಉಂಬುಕ್ ಬಂದದ್.'

ಸುಧಾಕರಣ್ಣನ ಹೆಗಲು ಇಳಿಯಿತು. 'ಹಂಗಾರೆ ಒಳಗ್ ಬನ್ನಿ ಅಕ್ಕ' ಎಂದು ಪುಸ್ತಕ ಜೇಬಿಗೆ ಹಾಕಿದರು. ಸೀಟಿನ ಮಾತು ಬರಲಿಲ್ಲ.

ನನ್ನ ಹಳೆಯ ಕುರ್ಚಿ ಗೋಡೆಯ ಬದಿಗೆ ಸರಿದಿತ್ತು, ಅದರ ಮೇಲೆ ಯಾರದೋ ಚೀಲ. ನಾನು ಎಲ್ಲರ ಸಾಲಿನಲ್ಲಿ ಬೆಂಚಿನ ಮೇಲೆ ಕೂತೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಸುಧಾಕರಣ್ಣ ನನ್ನ ಪಕ್ಕದಲ್ಲೇ ಕೂತರು. ಉಂಡು ಮುಗಿಯುವುದರೊಳಗೆ ಮೂರು ಸಲ ಕೇಳಿದರು, ನೀವ್ ಯಾರ್ ಅಂತ. ಮೂರು ಸಲವೂ, 'ನಾನ್ ವಾರಿಜ, ಗಂಜಿ ಉಂಬುಕ್ ಬಂದದ್' ಎಂದೆ. ಮೂರನೆಯ ಸಲ ನನ್ನ ದನಿ ಚೂರು ಏರಿತು.

ನಾಗರತ್ನ ಆಚೆ ಬದಿಯಿಂದ ತಲೆಯೆತ್ತಿ ನನ್ನನ್ನು ನೋಡಿದಳು. ಹೊಸದಾಗಿ ಕೆಲಸಕ್ಕೆ ಬಂದವರನ್ನು ನಾನು ಹಾಗೆಯೇ ನೋಡುತ್ತಿದ್ದೆ.